ದಿನಕ್ಕೊಂದು ಅಚ್ಚರಿಯ ಹಾಳೆ: ಸ್ಟಾಫ್ ರೂಮಿನ ಮೇಜಿನಿಂದ ಒಂದು ವಿಮರ್ಶೆ

ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋಗಿದ್ದಾಗ ಪುಸ್ತಕದ ಅಂಗಡಿಯೊಂದರಲ್ಲಿ 390 ರೂಪಾಯಿ ಕೊಟ್ಟು ಒಂದು ಮೇಜಿನ ಕ್ಯಾಲೆಂಡರ್ ತಂದೆ. ದಿನಕ್ಕೊಂದು ಹಾಳೆ ಹರಿಯುವಂಥದು. ಹಾಳೆಯ ತಲೆಯಲ್ಲಿ ತಾರೀಕು, ವಾರ, ತಿಥಿ; ಅದರ ಕೆಳಗೆ ‘ನಿಮಗಿದು ಗೊತ್ತೇ?’ ಎಂಬ ಬಣ್ಣದ ಪಟ್ಟಿ. ಪಟ್ಟಿಯ ಕೆಳಗೆ ಎರಡು ಮೂರು ಸಾಲುಗಳಲ್ಲಿ ಜಗತ್ತಿನ ಯಾವುದೋ ಮೂಲೆಯ ಒಂದು ಅಚ್ಚರಿಯ ಸಂಗತಿ. ಕೆಲವು ಹಾಳೆಗಳ ಹಿಂಬದಿಯಲ್ಲಿ ‘ಏಕೆ ಹೀಗೆ?’ ಎಂಬ ಸಣ್ಣ ವಿವರಣೆಯೂ ಇದೆ, ಆದರೆ ಬಹುಪಾಲು ಹಾಳೆಗಳ ಹಿಂಬದಿ ಖಾಲಿ. ಪ್ರಕಾಶಕರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಇದು ಅವರ ಮೊದಲ ಪ್ರಯತ್ನ, ಮತ್ತು ನಾನು ಎತ್ತುವ ಆಕ್ಷೇಪಗಳು ಈ ಜಾತಿಯ ಸರಕಿಗೆಲ್ಲ ಸಲ್ಲುವಂಥವು.

ನಾನು ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಕ್ಯಾಲೆಂಡರನ್ನು ಮನೆಯಲ್ಲಿಡದೆ ಸ್ಟಾಫ್ ರೂಮಿನ ಉದ್ದ ಮೇಜಿನ ನಡುವೆ ಇಟ್ಟೆ. ಪ್ರಾರ್ಥನೆ ಮುಗಿಸಿ ಮೊದಲು ಒಳಗೆ ಬಂದವರು ಹಾಳೆ ಹರಿದು ಗಟ್ಟಿಯಾಗಿ ಓದಬೇಕು, ಉಳಿದವರು ಹಾಜರಿ ಪುಸ್ತಕ ಎತ್ತಿಕೊಳ್ಳುತ್ತ ಕೇಳಿಸಿಕೊಳ್ಳಬೇಕು ಎಂಬುದು ಒಂದು ವಾರದಲ್ಲಿ ತಾನಾಗಿಯೇ ರೂಢಿಯಾಯಿತು. ಓದಿದ ಹಾಳೆ ನನ್ನ ಡ್ರಾಯರಿಗೆ ಬರುತ್ತದೆ. ಯಾರು ಏನೆಂದರು, ಸಂಗತಿ ನಿಜವೇ ಎಂದು ಹುಡುಕಿದಾಗ ಏನು ಸಿಕ್ಕಿತು ಎಂಬುದನ್ನು ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿಡುತ್ತೇನೆ. ಏಪ್ರಿಲ್, ಮೇ ರಜೆಯ ಹಾಳೆಗಳನ್ನು ಶಾಲೆ ತೆರೆದ ದಿನ ಕಟ್ಟಾಗಿ ಹರಿದು ಓದಿದೆವು. ಹತ್ತು ತಿಂಗಳ ಈ ಕಟ್ಟನ್ನು ಮುಂದಿಟ್ಟುಕೊಂಡು ಬರೆಯುತ್ತಿರುವ ವಿಮರ್ಶೆ ಇದು.

ಮೊದಲು ವಸ್ತುವಿನ ಗುಣ. ಕಾಗದ ದಪ್ಪವಾಗಿದೆ, ಇಂಕ್ ಪೆನ್ನಿನಲ್ಲಿ ಬರೆದರೂ ಹಿಂದಕ್ಕೆ ಇಳಿಯುವುದಿಲ್ಲ. ರಟ್ಟಿನ ಸ್ಟ್ಯಾಂಡ್ ಮಳೆಗಾಲದ ಥಂಡಿಗೆ ಮೆತ್ತಗಾಗಿ ಆಗಸ್ಟ್ ಹೊತ್ತಿಗೆ ಹಿಂದಕ್ಕೆ ವಾಲಿತು. ಈಗ ಅದಕ್ಕೆ ಹಳೆಯ ಗ್ಲೋಬಿನ ಆಸರೆ ಕೊಟ್ಟಿದ್ದೇವೆ. ಮೇಲಂಚಿನ ಗೋಂದು ಮಾತ್ರ ಅತಿ ಉದಾರ. ಒಂದು ಹಾಳೆ ಹರಿದರೆ ನಾಳೆಯ ಹಾಳೆಯ ತಾರೀಕೂ ಅರ್ಧ ಕಿತ್ತು ಬರುತ್ತದೆ.

ಅಕ್ಷರಜೋಡಣೆಯಲ್ಲಿ ‘ನುಡಿ’ ತಂತ್ರಾಂಶದ ಅಕ್ಷರಗಳಿಂದ ಯೂನಿಕೋಡಿಗೆ ಬದಲಿಸುವಾಗ ಆಗುವ ಎಡವಟ್ಟುಗಳು ಅಲ್ಲಲ್ಲಿ ಉಳಿದಿವೆ. ಅರ್ಕಾವತ್ತು ಬೇರೆಯವರ ಮನೆಗೆ ಹೋಗಿ ಕುಳಿತಿರುವ ಪದಗಳನ್ನು ನಾನು ಹತ್ತಕ್ಕಿಂತ ಹೆಚ್ಚು ಗುರುತು ಹಾಕಿದ್ದೇನೆ. ವಾಕ್ಯಗಳೂ ಹಲವು ಕಡೆ ಇಂಗ್ಲಿಷನ್ನು ಮಗ್ಗುಲಿಗಿಟ್ಟುಕೊಂಡು ಬರೆದಂತಿವೆ. ಜನವರಿಯ ಒಂದು ಹಾಳೆಯಲ್ಲಿ ‘ಅಷ್ಟಪದಿಗೆ ಮೂರು ಹೃದಯಗಳಿವೆ’ ಎಂದಿತ್ತು. ಸಂಗೀತ ಬಲ್ಲ ನಮ್ಮ ಹಿಂದಿ ಮೇಡಂ ಅದನ್ನು ಜಯದೇವನ ಪದ್ಯಗಳ ಕುರಿತ ಏನೋ ಒಳ್ಳೆಯ ಮಾತು ಎಂದು ತಿಳಿದು, ಮೂರು ಹೃದಯ ಎಂದರೆ ಕೃಷ್ಣ, ರಾಧೆ, ಸಖಿ ಇರಬೇಕು ಎಂದು ವಿವರಿಸಲು ಹೊರಟಿದ್ದರು. ವಿಜ್ಞಾನದ ಮೇಷ್ಟ್ರು ತಡೆದು, ಇದು ಸಮುದ್ರದ ಆಕ್ಟೋಪಸ್, ಎರಡು ಹೃದಯ ಕಿವಿರುಗಳಿಗೆ ರಕ್ತ ತಳ್ಳುತ್ತವೆ, ಮೂರನೆಯದು ಉಳಿದ ದೇಹಕ್ಕೆ, ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರವಿರುವುದರಿಂದ ಅದರ ಬಣ್ಣ ನೀಲಿ ಎಂದರು. ಸಂಗತಿ ನಿಜ. ಆದರೆ ಅದನ್ನು ನಿಜವೆಂದು ಅರ್ಥವಾಗುವಂತೆ ಹೇಳಿದ್ದು ಹಾಳೆಯಲ್ಲ, ಮೇಷ್ಟ್ರು.

ಇಂಥ ಸರಕನ್ನು ಅಳೆಯುವಾಗ ನಿಜವೋ ಸುಳ್ಳೋ ಎಂಬುದೊಂದೇ ಸಾಲದು ಎಂಬುದು ನನಗೆ ಹೊಳೆದದ್ದು ಫೆಬ್ರುವರಿಯಲ್ಲಿ. ‘ಬಾಳೆಹಣ್ಣು ಒಂದು ಬೆರ್ರಿ, ಆದರೆ ಸ್ಟ್ರಾಬೆರಿ ಬೆರ್ರಿ ಅಲ್ಲ!’ ಎಂಬ ಹಾಳೆಯನ್ನು ಡ್ರಿಲ್ ಮೇಷ್ಟ್ರು ಓದಿ, ಆಶ್ಚರ್ಯಚಿಹ್ನೆಯನ್ನೂ ದನಿಯಲ್ಲಿ ತಂದು, ಎಲ್ಲರ ಮುಖ ನೋಡಿದರು. ಯಾರೂ ಏನೂ ಅನ್ನಲಿಲ್ಲ. ಸಂಗತಿ ಸಸ್ಯಶಾಸ್ತ್ರದ ಪ್ರಕಾರ ಸರಿಯಾಗಿಯೇ ಇದೆ. ಒಂದೇ ಹೂವಿನ ಒಂದೇ ಅಂಡಾಶಯ ಬೆಳೆದು ಇಡಿಯಾಗಿ ತಿರುಳಾಗುವ ಹಣ್ಣು ಆ ಗುಂಪಿಗೆ ಸೇರುತ್ತದೆ. ದ್ರಾಕ್ಷಿ, ಟೊಮ್ಯಾಟೊ, ಬದನೆ ಎಲ್ಲವೂ ಅಲ್ಲಿಯವೇ. ಸ್ಟ್ರಾಬೆರಿಯ ತಿರುಳು ಹೂವಿನ ಪೀಠದ್ದು, ಅದರ ಮೈಮೇಲೆ ಬೀಜದಂತೆ ಕಾಣುವ ಒಂದೊಂದು ಕಾಳೂ ಒಂದೊಂದು ಹಣ್ಣು. ಇಷ್ಟಿದ್ದರೂ ಅಚ್ಚರಿ ಏಕೆ ಹುಟ್ಟಲಿಲ್ಲ? ಏಕೆಂದರೆ ನಮ್ಮಲ್ಲಿ ಯಾರಿಗೂ ‘ಬೆರ್ರಿ’ ಎಂದರೆ ಇಂಥದು, ಇಷ್ಟು ಗಾತ್ರದ್ದು, ಹೀಗೆ ಪೊದೆಯಲ್ಲಿ ಬಿಡುವಂಥದು ಎಂಬ ಕಲ್ಪನೆಯೇ ಇಲ್ಲ. ಇಂಗ್ಲಿಷ್ ಮಾತಾಡುವವನಿಗೆ ಚಿಕ್ಕಂದಿನಿಂದ ಬಂದ ಆ ಕಲ್ಪನೆ ಇಲ್ಲಿ ಮುರಿಯುತ್ತದೆ, ಮುರಿದ ಸದ್ದೇ ಅವನ ಅಚ್ಚರಿ. ನಮ್ಮಲ್ಲಿ ಮುರಿಯಲು ಏನೂ ಇರಲಿಲ್ಲ. ಸಂಗತಿಯನ್ನು ಅನುವಾದಿಸಬಹುದು, ಅದು ಕೆಡವಬೇಕಾದ ನಂಬಿಕೆಯನ್ನು ಜೊತೆಗೆ ಅನುವಾದಿಸಿ ತರಲಾಗದು. ಅದೇ ಬಾಳೆಯ ಬಗ್ಗೆ, ನಾವು ತಿನ್ನುವ ಏಲಕ್ಕಿ ಬಾಳೆಯ ನಡುವೆ ಕಾಣುವ ಕರಿಚುಕ್ಕೆಗಳು ಬೀಜವಾಗದೆ ಉಳಿದ ಬೀಜಗಳು ಎಂದು ಬರೆದಿದ್ದರೆ, ಮಲೆನಾಡಿನ ಬಂಡೆಗಳ ಮೇಲೆ ಕಲ್ಲುಬಾಳೆಯ ಗಟ್ಟಿ ಬೀಜಗಳನ್ನು ಕಂಡಿರುವ ನಮ್ಮವರು ಖಂಡಿತ ತಲೆಯೆತ್ತುತ್ತಿದ್ದರು.

ಈ ಕ್ಯಾಲೆಂಡರಿನ ಮುಖ್ಯ ದೋಷವೂ ಇದೇ, ಮುಖ್ಯ ಗುಣವೂ ಇದರಿಂದಲೇ ಗೊತ್ತಾಗುತ್ತದೆ. ಹೊರಗಿನಿಂದ ಎತ್ತಿ ತಂದ ಹಾಳೆಗಳು ಹೆಚ್ಚಾಗಿ ಬಾಯಿಗೆ ಬಂದು ಮೇಜಿನ ಮೇಲೆ ಬೀಳುತ್ತವೆ. ‘ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಅಜ್ಟೆಕ್ ಸಾಮ್ರಾಜ್ಯಕ್ಕಿಂತ ಹಳೆಯದು’ ಎಂಬುದಕ್ಕೆ ಸಮಾಜದ ಮೇಷ್ಟ್ರು ಸಹ ‘ಹ್ಞೂಂ’ ಎಂದಷ್ಟೇ ಹೇಳಿ ಚಹಾ ಕುಡಿದರು. ಆ ದಿನ ಮಧ್ಯಾಹ್ನ ನಾನು ಇಸವಿಗಳನ್ನು ತೆಗೆದು ನೋಡಿದೆ. ಆಕ್ಸ್‌ಫರ್ಡಿನಲ್ಲಿ ಪಾಠ ನಡೆಯುತ್ತಿತ್ತು ಎಂಬುದಕ್ಕೆ ಇರುವ ಹಳೆಯ ಆಧಾರ 1096ರದು. ಆಗ ಕಲ್ಯಾಣದಲ್ಲಿ ಆಳುತ್ತಿದ್ದವನು ಆರನೆಯ ವಿಕ್ರಮಾದಿತ್ಯ, 1076ರಿಂದ 1126ರವರೆಗೆ. ಈಗಿನ ಮೆಕ್ಸಿಕೊದಲ್ಲಿದ್ದ ಅಜ್ಟೆಕರ ರಾಜಧಾನಿ ಟೆನೊಚ್ಟಿಟ್ಲಾನ್ ಸ್ಥಾಪನೆಗೆ ಹೇಳುವ ವರ್ಷ 1325. ವಿಜಯನಗರಕ್ಕೆ ನಾವು ಹೇಳುವ ವರ್ಷ 1336. ಸ್ಪೇನಿನವರು ಟೆನೊಚ್ಟಿಟ್ಲಾನನ್ನು ಕೆಡವಿದ್ದು 1521ರಲ್ಲಿ, ಎಂದರೆ ಹಂಪಿಯಲ್ಲಿ ಕೃಷ್ಣದೇವರಾಯ ಸಿಂಹಾಸನದ ಮೇಲಿದ್ದಾಗ. ಇದನ್ನು ಮರುದಿನ ಹಾಳೆಯ ಹಿಂಬದಿಯಲ್ಲಿ ಬರೆದು ಓದಿದಾಗ ಅದೇ ಸಮಾಜದ ಮೇಷ್ಟ್ರು ಲೋಟ ಕೆಳಗಿಟ್ಟು, ‘ಹೌದಾ ಮಾರಾಯ್ರೆ! ಎರಡೂ ಊರು ಹೆಚ್ಚೂಕಡಿಮೆ ಒಂದೇ ವಯಸ್ಸಿನವೇ?’ ಎಂದರು. ಅವರು ಆ ವಾರ ಹತ್ತನೇ ತರಗತಿಯಲ್ಲಿ ಅದನ್ನು ಹೇಳಿಯೂ ಬಂದರು.

ನಮ್ಮ ನೆಲದ ನಂಬಿಕೆಯನ್ನು ಅಲುಗಾಡಿಸುವ ಹಾಳೆಗಳು ಇಲ್ಲವೆಂದಲ್ಲ. ಹತ್ತು ತಿಂಗಳಲ್ಲಿ ಸ್ಟಾಫ್ ರೂಮನ್ನು ಅತಿ ಹೆಚ್ಚು ಹೊತ್ತು ಮಾತಿನಲ್ಲಿ ಹಿಡಿದಿಟ್ಟದ್ದು ಮಾರ್ಚ್ ತಿಂಗಳ ಮೆಣಸಿನಕಾಯಿಯ ಹಾಳೆ. ಮೆಣಸಿನಕಾಯಿಯ ತವರು ಅಮೆರಿಕ ಖಂಡ, ಪೋರ್ಚುಗೀಸರ ಹಡಗುಗಳ ಮೂಲಕ ಅದು ನಮ್ಮ ಕರಾವಳಿಗೆ ಬಂತು, ಅದಕ್ಕೂ ಮೊದಲು ನಮ್ಮ ಅಡುಗೆಯ ಖಾರವೆಲ್ಲ ಕಾಳುಮೆಣಸಿನದು ಎಂದು ಮುಂಬದಿಯಲ್ಲಿತ್ತು. ಹಿಂಬದಿಯ ಎರಡೇ ಸಾಲು ಇಡೀ ಕ್ಯಾಲೆಂಡರಿನಲ್ಲೇ ನನಗೆ ಅತ್ಯಂತ ಮೆಚ್ಚಿಕೆಯಾದದ್ದು: ಮೆಣಸಿನಂತೆ ಖಾರವಿರುವ ಕಾಯಿಯಾದ್ದರಿಂದ ಕನ್ನಡ ಅದನ್ನು ‘ಮೆಣಸಿನಕಾಯಿ’ ಎಂದು ಕರೆಯಿತು. ಮೂವತ್ತು ವರ್ಷದಿಂದ ಕನ್ನಡ ಕಲಿಸುತ್ತಿರುವ ನಾನು ದಿನಕ್ಕೆ ಹತ್ತು ಸಲ ಬಳಸುವ ಪದವೊಂದು ತನ್ನ ಚರಿತ್ರೆಯನ್ನು ಹೆಸರಿನಲ್ಲೇ ಇಟ್ಟುಕೊಂಡಿದೆ ಎಂದು ಯೋಚಿಸಿಯೇ ಇರಲಿಲ್ಲ. ಅಲ್ಲಿಂದ ಮಾತು ಹಬ್ಬಿತು. ಹಾಗಾದರೆ ಬ್ಯಾಡಗಿ? ಅದರ ಹಿರಿಯರೂ ಅಲ್ಲಿಯವರೇ. ಶೇಂಗಾ? ಅದೂ ದಕ್ಷಿಣ ಅಮೆರಿಕದ್ದು. ಗೇರು? ಬ್ರೆಜಿಲಿನದು. ಪಪ್ಪಾಯಿ? ಅದನ್ನು ‘ಪರಂಗಿ ಹಣ್ಣು’ ಎನ್ನುವಾಗಲೇ ನಾವು ಒಪ್ಪಿಕೊಂಡಾಗಿದೆ, ಪರಂಗಿಯವರೆಂದರೆ ಯುರೋಪಿನಿಂದ ಬಂದ ಫಿರಂಗಿಗಳು. ಅಷ್ಟರಲ್ಲಿ ಸಾಂಬಾರಿನ ರುಚಿ ನೋಡಲು ಕರೆಯಬಂದ ಬಿಸಿಯೂಟದ ಅಕ್ಕ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿ, ‘ಹಂಗಾದ್ರೆ ಅವಾಗಿನ ರಾಜರು ಸಾರಿಗೆ ಏನು ಹಾಕ್ತಿದ್ರು, ಮೇಡಂ?’ ಎಂದು ಕೇಳಿದರು. ಕಾಳುಮೆಣಸು, ಶುಂಠಿ, ಸಾಸಿವೆ, ಹುಣಸೆ ಎಂದು ನಾವು ಎಣಿಸತೊಡಗಿದಾಗ, ಟೊಮ್ಯಾಟೊ ಸಹ ಇರಲಿಲ್ಲ ಎಂಬುದು ಅವರಿಗೆ ಮೆಣಸಿನಕಾಯಿಗಿಂತ ದೊಡ್ಡ ಆಘಾತವಾಯಿತು. ಮುಂದಿನ ಗುರುವಾರ ಅವರು ನಮ್ಮ ಡಬ್ಬಿಗಳಿಗಾಗಿ ಒಂದು ಪಾತ್ರೆ ಮೆಣಸಿನ ಸಾರನ್ನು ಬೇರೆಯಾಗಿ ಮಾಡಿ ಕಳಿಸಿದರು. ಅಚ್ಚರಿಯ ಸಂಗತಿಯೊಂದು ಒಲೆಯವರೆಗೂ ಹೋಗಿ ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಜೇನಿನ ಹಾಳೆಯ ಕಥೆ ಇದಕ್ಕೆ ತಿರುವುಮುರುವು. ‘ಜೇನುತುಪ್ಪ ಎಂದಿಗೂ ಕೆಡುವುದಿಲ್ಲ’ ಎಂಬ ಒಂದೇ ವಾಕ್ಯ, ಹಿಂಬದಿ ಖಾಲಿ. ಸಾಗರದ ಸುತ್ತಲಿನ ಜನರ ಮುಂದೆ ಜೇನಿನ ಬಗ್ಗೆ ಹೀಗೆ ಒಂದೇ ಉಸಿರಿನಲ್ಲಿ ತೀರ್ಪು ಕೊಡುವುದು ಧೈರ್ಯದ ಕೆಲಸ. ವಿಜ್ಞಾನದ ಮೇಷ್ಟ್ರ ಮನೆಯಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳಿವೆ. ಅವರು ಏನೂ ಹೇಳದೆ ಮರುದಿನ ಒಂದು ಬಾಟಲಿ ತಂದು ಕ್ಯಾಲೆಂಡರಿನ ಪಕ್ಕದಲ್ಲಿಟ್ಟರು. ಮುಚ್ಚಳದ ಸುತ್ತ ಸಣ್ಣ ನೊರೆ ಕಟ್ಟಿತ್ತು, ಮುಚ್ಚಳ ತಿರುಗಿಸಿದಾಗ ಸೋಡಾ ಬಾಟಲಿಯಂತೆ ‘ಉಸ್’ ಎಂದಿತು, ವಾಸನೆಯಲ್ಲಿ ಹುಳಿ ಇತ್ತು. ಹಿಂದಿನ ಮಳೆಗಾಲದಲ್ಲಿ ತಟ್ಟಿಯ ಕೋಣೆಗಳಿಗೆ ಮೇಣದ ಮುಚ್ಚಳ ಬೀಳುವ ಮೊದಲೇ ಹಿಂಡಿದ ತುಪ್ಪ ಅದು. ಅವರು ವಿವರಿಸಿದ್ದು ಹೀಗೆ. ಹೂವಿನ ರಸದಲ್ಲಿ ಬಹಳ ನೀರಿರುತ್ತದೆ, ಹುಳುಗಳು ರೆಕ್ಕೆ ಬೀಸಿ ಅದನ್ನು ಆರಿಸಿ ನೂರಕ್ಕೆ 18ರ ಆಸುಪಾಸಿಗೆ ಇಳಿಸಿದ ಮೇಲೆ ಕೋಣೆಯನ್ನು ಮುಚ್ಚುತ್ತವೆ. ಅಷ್ಟು ಕಡಿಮೆ ನೀರಿನಲ್ಲಿ, ಅಷ್ಟು ಸಕ್ಕರೆಯ ನಡುವೆ, ಮೇಲಾಗಿ ಆಮ್ಲದ ಗುಣವೂ ಇರುವ ಕಡೆ ಸೂಕ್ಷ್ಮಜೀವಿಗಳು ಬೆಳೆಯಲಾರವು. ಆದ್ದರಿಂದ ಮಾಗಿದ ಜೇನುತುಪ್ಪವನ್ನು ಬಿಗಿಯಾಗಿ ಮುಚ್ಚಿಟ್ಟರೆ ಅದು ವರ್ಷಗಟ್ಟಲೆ ಉಳಿಯುವುದು ನಿಜ. ಆದರೆ ಜೇನುತುಪ್ಪ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ನೂರಕ್ಕೆ 20 ದಾಟಿದರೆ, ಅದರೊಳಗೇ ಮಲಗಿರುವ ಯೀಸ್ಟ್ ಎದ್ದು ಹುಳಿ ಬರಿಸುತ್ತದೆ. ನಮ್ಮ ತುಡುವೆ ಜೇನಿನಲ್ಲಿ ನೀರಿನ ಪಾಲು ಮೊದಲೇ ಹೆಚ್ಚು, ಮಲೆನಾಡಿನ ಜುಲೈ ತಿಂಗಳ ಗಾಳಿ ಹೇಗಿರುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

‘ಎಂದಿಗೂ’ ಎಂಬ ಆ ಒಂದು ಪದದ ಬದಲು ‘ಮಾಗಿದ ಮೇಲೆ ತೆಗೆದು ಬಿಗಿಯಾಗಿ ಮುಚ್ಚಿಟ್ಟರೆ’ ಎಂದು ಬರೆದಿದ್ದರೆ ಸಂಗತಿಯ ಸ್ವಾರಸ್ಯ ಕುಂದುತ್ತಿರಲಿಲ್ಲ. ಎಂದಿಗೂ ಕೆಡದ ವಸ್ತುವೆಂದು ಓದಿದ ಮನೆಯವರು ಅದು ಎಲ್ಲರಿಗೂ ನಿರಪಾಯಕಾರಿ ಎಂದೂ ತಿಳಿಯುವ ಸಾಧ್ಯತೆ ಇದೆ. ವರ್ಷ ತುಂಬದ ಶಿಶುಗಳಿಗೆ ಜೇನುತುಪ್ಪ ನೆಕ್ಕಿಸಬಾರದು ಎಂದು ವೈದ್ಯರು ಎಚ್ಚರಿಸುತ್ತಾರೆ, ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳು ಎಳೆಯ ಕರುಳಿನಲ್ಲಿ ಮೊಳೆಯಬಲ್ಲವು. ಹುಟ್ಟಿದ ಕೂಸಿನ ನಾಲಗೆಗೆ ಜೇನು ಸವರುವ ರೂಢಿ ಇನ್ನೂ ಇರುವ ಊರುಗಳಲ್ಲಿ ಮಾರುವ ಕ್ಯಾಲೆಂಡರಿನಲ್ಲಿ ಆ ಖಾಲಿ ಹಿಂಬದಿಗೆ ಬರೆಯಲು ಇದಕ್ಕಿಂತ ತಕ್ಕ ಮಾತು ಬೇರೆ ಇರಲಿಲ್ಲ.

ಜೂನ್ ತಿಂಗಳ ಒಂದು ಹಾಳೆಯನ್ನು ನಾವು ಓದಿ ಬಿಡಲಿಲ್ಲ, ಪರೀಕ್ಷೆಗೆ ಒಡ್ಡಿದೆವು. 23 ಜನ ಒಂದೆಡೆ ಸೇರಿದರೆ ಅವರಲ್ಲಿ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ಎಂಬ ಸಂಗತಿ ಅದು. ಡ್ರಿಲ್ ಮೇಷ್ಟ್ರು ಖಂಡಿತ ಒಪ್ಪಲಿಲ್ಲ. ವರ್ಷಕ್ಕೆ 365 ದಿನ, ಅರ್ಧ ಸಾಧ್ಯತೆಗೆ 180 ಜನವಾದರೂ ಬೇಕು ಎಂಬುದು ಅವರ ವಾದ. ಗಣಿತದ ಮೇಡಂ ಕಪ್ಪುಹಲಗೆಗೂ ಹೋಗದೆ ಬಾಯಲ್ಲೇ ಹೇಳಿದರು: ‘ನಿಮ್ಮ ಹುಟ್ಟಿದ ದಿನಕ್ಕೆ ಜೊತೆ ಸಿಗಬೇಕು ಅಂತ ನೀವು ಲೆಕ್ಕ ಹಾಕ್ತಿದ್ದೀರಿ, ಸರ್. ಇಲ್ಲಿ ಯಾರಿಗೆ ಯಾರಾದರೂ ಸಿಗಬಹುದು. 23 ಜನರಲ್ಲಿ ಜೋಡಿಗಳು ಎಷ್ಟು? 253.’ ಮೇಷ್ಟ್ರು ಒಂಬತ್ತನೇ ತರಗತಿಯ ಹಾಜರಿ ಪುಸ್ತಕ ಎಳೆದುಕೊಂಡರು. 42 ಮಕ್ಕಳು, ಅಷ್ಟು ಜನರಿದ್ದರೆ ಸಾಧ್ಯತೆ ನೂರಕ್ಕೆ 91 ಎಂದು ಮೇಡಂ ಲೆಕ್ಕ ಹಾಕಿದ್ದರು. ಆಗಸ್ಟಿನ ಒಂದೇ ತಾರೀಕಿನಲ್ಲಿ ಹುಟ್ಟಿದ ಇಬ್ಬರು ಹುಡುಗಿಯರು ಸಿಕ್ಕರು, ಅವರಿಬ್ಬರೂ ಒಂದೇ ಬೆಂಚಿನವರು.

ಆದರೆ ನಿಜವಾದ ತಮಾಷೆ ಸಿಬ್ಬಂದಿಯ ಪಟ್ಟಿಯಲ್ಲಿತ್ತು. ನಾವು 19 ಜನ, ಅದರಲ್ಲಿ ನಾಲ್ವರ ಹುಟ್ಟಿದ ದಿನ ಜೂನ್ 1. ಗಣಿತದ ಯಾವ ಸೂತ್ರಕ್ಕೂ ಇದು ಸಿಗುವುದಿಲ್ಲ, ನಮ್ಮ ತಲೆಮಾರಿನ ಕರ್ನಾಟಕದವರಿಗೆ ಮಾತ್ರ ಒಡನೆ ಅರ್ಥವಾಗುತ್ತದೆ. ಶಾಲೆಗೆ ಸೇರಿಸಲು ಅಪ್ಪ ಕೈಹಿಡಿದು ಕರೆತಂದಾಗ, ‘ಯಾವಾಗ ಹುಟ್ಟಿದ?’ ಎಂಬ ಪ್ರಶ್ನೆಗೆ ‘ಕಾರ ಹುಣ್ಣಿಮೆ ಆಸುಪಾಸು’, ‘ಆ ವರ್ಷ ಹೊಳೆ ಬಂದಿತ್ತಲ್ಲ, ಆವಾಗ’ ಎಂಬ ಉತ್ತರಗಳು ಬಂದರೆ, ಹೆಡ್ ಮೇಷ್ಟ್ರು ವಯಸ್ಸು ಹೊಂದುವಂತೆ ಜೂನ್ 1 ಎಂದು ಬರೆದು ಮುಗಿಸುತ್ತಿದ್ದರು. ತಿಂಗಳ ಒಂದನೇ ತಾರೀಕಿನಲ್ಲಿ ಹುಟ್ಟಿದ ಸರ್ಕಾರಿ ನೌಕರರು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತರಾಗಬೇಕಾದ್ದರಿಂದ, ಪ್ರತಿ ವರ್ಷ ಮೇ 31ರಂದು ಕಚೇರಿ ಕಚೇರಿಗಳಲ್ಲಿ ಹಾರ ತುರಾಯಿಗಳ ರಾಶಿ ಬೀಳುತ್ತದೆ. ನಮ್ಮ ಆ ನಾಲ್ವರೂ ಒಂದೊಂದು ಮೇ 31ಕ್ಕೆ ಸರದಿ ನಿಂತಿದ್ದಾರೆ. ಈ ಹಾಳೆಯನ್ನು ಬೇರೆ ದೇಶದ ಪುಸ್ತಕದಿಂದ ಎತ್ತಿದ್ದು ಸ್ಪಷ್ಟ. ಕನ್ನಡದಲ್ಲಿ ಕುಳಿತು ಬರೆದಿದ್ದರೆ ಜೂನ್ 1ನ್ನು ಬಿಟ್ಟುಬಿಡಲು ಯಾರಿಗಾದರೂ ಮನಸ್ಸು ಬರುತ್ತಿತ್ತೇ?

ಕರ್ನಾಟಕದ ಬಗೆಗಿನ ಹಾಳೆಗಳನ್ನು ಸಂಪಾದಕರು ಬೇರೆಯಾಗಿಯೇ ಸಿದ್ಧಪಡಿಸಿದ್ದಾರೆ. ಇವುಗಳಿಗೆ ಹಿಡಿದ ರೋಗ ‘ಏಷ್ಯಾದಲ್ಲೇ ಮೊದಲು’, ‘ಜಗತ್ತಿನಲ್ಲೇ ಎರಡನೆಯದು’ ಎಂಬ ಬಾಲಂಗೋಚಿಗಳದು. ಜೋಗವನ್ನು ‘ಏಷ್ಯಾದ ಅತಿ ಎತ್ತರದ ಜಲಪಾತ’ ಎಂದು ಜೋಗದ ತಾಲ್ಲೂಕಿನ ಶಾಲೆಗೇ ತಂದು ಓದಿಸಿದರು! ಜೋಗದ ಎತ್ತರ 253 ಮೀಟರ್. ಮೇಘಾಲಯದ ನೋಹ್‌ಕಲಿಕೈ 340 ಮೀಟರ್. ಏಷ್ಯಾ ಹಾಗಿರಲಿ, ಭಾರತದಲ್ಲೇ ಆ ಮಾತು ನಿಲ್ಲುವುದಿಲ್ಲ. ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳನ್ನು ಮಂಜು ಸರಿದ ಕ್ಷಣದಲ್ಲಿ ಕಂಡವರಿಗೆ ಆ ಪದವಿಯ ಅಗತ್ಯವೂ ಇಲ್ಲ. ಬೆಂಗಳೂರು ‘ಏಷ್ಯಾದಲ್ಲೇ ಮೊದಲು ವಿದ್ಯುತ್ ಬೀದಿದೀಪ ಕಂಡ ನಗರ’ ಎಂಬ ಹಾಳೆಯದೂ ಇದೇ ಕಥೆ. 1905ರ ಆಗಸ್ಟ್ 5ರಂದು ನಗರದ ಮಾರುಕಟ್ಟೆಯ ಬಳಿ ವಿದ್ಯುತ್ ದೀಪಗಳು ಬೆಳಗಿದ್ದು ನಿಜ, ಆದರೆ ಟೋಕಿಯೊದ ಗಿಂಜಾ ಬೀದಿಯಲ್ಲೂ ಶಾಂಘೈಯಲ್ಲೂ 1882ರಷ್ಟು ಹಿಂದೆಯೇ ವಿದ್ಯುತ್ ದೀಪ ಉರಿದಿತ್ತು. ಬೇಸರದ ಸಂಗತಿಯೆಂದರೆ, ಇದರ ಬೆನ್ನಿಗೇ ಇರುವ ನಿಜವಾದ ಬೆರಗನ್ನು ಹಾಳೆ ಕೈಬಿಟ್ಟಿದೆ. ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು ಮೊದಲು ಹೋದದ್ದು ಪಕ್ಕದ ಮೈಸೂರಿಗಲ್ಲ, ಬೆಂಗಳೂರಿಗೂ ಅಲ್ಲ, 92 ಮೈಲಿ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ. ರಾಜಧಾನಿಯ ಬೀದಿ ಕತ್ತಲಲ್ಲಿರುವಾಗ ಗಣಿಯ ಯಂತ್ರಗಳು ತಿರುಗುತ್ತಿದ್ದವು. ಯಾರಿಗಾಗಿ, ಏಕೆ ಎಂದು ಹತ್ತು ನಿಮಿಷ ಮಾತಾಡಿಸಬಲ್ಲ ವಿಷಯ ಅದು. ‘ಏಷ್ಯಾದಲ್ಲೇ ಮೊದಲು’ ಎಂಬುದಕ್ಕೆ ಚಪ್ಪಾಳೆಯ ಹೊರತು ಬೇರೆ ಮಾತಿಲ್ಲ.

ರೈಲ್ವೆ ಪ್ಲಾಟ್‌ಫಾರಂ ಹಾಳೆಯದು ಇನ್ನೊಂದು ಬಗೆಯ ತಪ್ಪು. ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರಂ ಖರಗ್‌ಪುರದ್ದು ಎಂದು ಅಲ್ಲಿ ಬರೆದಿದೆ. ಒಂದು ಕಾಲಕ್ಕೆ 1,072 ಮೀಟರಿನ ಆ ದಾಖಲೆ ನಿಜವಾಗಿತ್ತು. 2013ರಲ್ಲಿ ಗೋರಖ್‌ಪುರ 1,366 ಮೀಟರಿನಿಂದ ಅದನ್ನು ಹಿಂದಿಕ್ಕಿತು, 2023ರ ಮಾರ್ಚಿನಲ್ಲಿ ನಮ್ಮ ಹುಬ್ಬಳ್ಳಿಯ 1,507 ಮೀಟರಿನ ಪ್ಲಾಟ್‌ಫಾರಂ ಬಂತು. ಹಳೆಯ ಸಾಮಾನ್ಯ ಜ್ಞಾನದ ಪುಸ್ತಕವೊಂದರಿಂದ ನಕಲು ಮಾಡಿರುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಹುಬ್ಬಳ್ಳಿಯವರಾದ ನಮ್ಮ ಕಚೇರಿಯ ಗುಮಾಸ್ತರು ಆ ಹಾಳೆಯನ್ನು ಓದಿ ಸಿಟ್ಟಾಗಲಿಲ್ಲ. ಪ್ಲಾಟ್‌ಫಾರಮಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡು ಚೀಲ ಹೊತ್ತು ನಡೆದವರು ಯಾರೂ ಅದನ್ನು ಹೆಮ್ಮೆ ಎನ್ನುವುದಿಲ್ಲ ಎಂದಷ್ಟೇ ಹೇಳಿದರು.

ಇದೇ ಗುಂಪಿನಲ್ಲಿ ಎರಡು ಹಾಳೆಗಳು ಮಾತ್ರ ಚೆನ್ನಾಗಿವೆ. ಒಂದು, ಮತದಾನದ ಶಾಯಿ. ಮೈಸೂರಿನಲ್ಲಿ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಬಣ್ಣ ಮತ್ತು ಅರಗಿನ ಕಾರ್ಖಾನೆಯೇ 1962ರ ಚುನಾವಣೆಯಿಂದ ಈ ಶಾಯಿಯನ್ನು ದೇಶಕ್ಕೆಲ್ಲ ಒದಗಿಸುತ್ತ ಬಂದಿದೆ. ಹಿಂಬದಿಯಲ್ಲಿ, ಶಾಯಿಯ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಂದಿಗೆ ಕೂಡಿ ಬೆಳಕಿಗೆ ಕಪ್ಪಾಗುತ್ತದೆ, ತೊಳೆದರೆ ಹೋಗದು, ಉಗುರು ಬೆಳೆದಂತೆ ಮಾತ್ರ ಮೇಲೇರಿ ಹೋಗುತ್ತದೆ ಎಂಬ ವಿವರಣೆಯಿದೆ. ಚುನಾವಣಾ ಕರ್ತವ್ಯಕ್ಕೆ ಹೋಗದ ಶಿಕ್ಷಕರು ನಮ್ಮಲ್ಲಿ ಇಲ್ಲ. ಮತಗಟ್ಟೆಯಲ್ಲಿ ಕಡ್ಡಿಯಿಂದ ನೂರಾರು ಬೆರಳಿಗೆ ಬಳಿದು, ತಮ್ಮ ಬೆರಳಿಗೂ ಮೆತ್ತಿಸಿಕೊಂಡು ಮನೆಗೆ ಬಂದವರೇ ಎಲ್ಲ. ಕೈಯಲ್ಲಿ ಹಿಡಿದ ವಸ್ತುವಿನ ಒಳಗನ್ನು ತೋರಿಸಿದ್ದರಿಂದ ಆ ಹಾಳೆ ಗೆದ್ದಿತು.

ಇನ್ನೊಂದು, ಗ್ರೀಕ್ ಪ್ರಹಸನದ ಕನ್ನಡ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, 1903ರಲ್ಲಿ ಪ್ರಕಟವಾದ, ಕ್ರಿ.ಶ. ಎರಡನೆಯ ಶತಮಾನದ ಪಪೈರಸ್ ಒಂದರಲ್ಲಿ, ಭಾರತದ ಕರಾವಳಿಯ ರಾಜನ ಸೆರೆಯಲ್ಲಿರುವ ಕ್ಯಾರಿಷನ್ ಎಂಬ ಗ್ರೀಕ್ ಹುಡುಗಿಯನ್ನು ಅವಳ ಕಡೆಯವರು ರಾಜನಿಗೆ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುವ ಕಥೆಯಿದೆ. ಅದರಲ್ಲಿ ಭಾರತೀಯರು ಆಡುವ ಮಾತುಗಳು ಗ್ರೀಕ್ ಅಲ್ಲ. ಶಾಸನತಜ್ಞ ಹುಲ್ಟ್‌ಶ್ 1904ರಲ್ಲಿ ಅವು ಕನ್ನಡ ಎಂದು ವಾದಿಸಿದರು. ಒಂದು ಸಾಲನ್ನು ‘ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ’ ಎಂದು ಓದಲಾಗಿದೆ. ಇದನ್ನು ಓದುವಾಗ ನನ್ನ ದನಿ ಸ್ವಲ್ಪ ನಡುಗಿತು ಎಂದು ಒಪ್ಪಿಕೊಳ್ಳುತ್ತೇನೆ. ಹಲ್ಮಿಡಿ ಶಾಸನಕ್ಕಿಂತ ಎರಡು ಮೂರು ಶತಮಾನ ಹಿಂದೆ, ಈಜಿಪ್ಟಿನ ಮರಳಿನಲ್ಲಿ, ಯಾರೋ ಕನ್ನಡದಲ್ಲಿ ಕುಡಿಯಲು ಕೇಳುತ್ತಿದ್ದಾರೆ! ಆದರೆ ಹಾಳೆ ನನ್ನ ಮೆಚ್ಚುಗೆ ಗಳಿಸಿದ್ದು ಮುಂದಿನ ವಾಕ್ಯದಿಂದ: ‘ಕೆಲವರು ಇದನ್ನು ತುಳು ಎನ್ನುತ್ತಾರೆ, ಇನ್ನು ಕೆಲವರು ನಗಿಸಲೆಂದು ಹೆಣೆದ ಅರ್ಥವಿಲ್ಲದ ಸದ್ದು ಎನ್ನುತ್ತಾರೆ.’ ಇಡೀ ಕ್ಯಾಲೆಂಡರಿನಲ್ಲಿ ಹೀಗೆ ಅನುಮಾನಕ್ಕೂ ಜಾಗ ಬಿಟ್ಟ ಹಾಳೆಗಳು ಕೈಬೆರಳಲ್ಲಿ ಎಣಿಸುವಷ್ಟು. ಅನುಮಾನ ಸೇರಿಸಿದರೆ ಓದುಗರಿಗೆ ನಿರಾಶೆಯಾದೀತು ಎಂದು ಸಂಪಾದಕರು ಅಂಜಿದಂತಿದೆ. ನಮ್ಮ ಮೇಜಿನಲ್ಲಿ ಆದದ್ದು ಬೇರೆ. ಕುಂದಾಪುರದ ಇಂಗ್ಲಿಷ್ ಮೇಡಂ ಕೂಡಲೇ ತುಳುವಿನ ಪರ ವಹಿಸಿದರು, ಊಟದ ಬೆಲ್ಲು ಹೊಡೆಯುವವರೆಗೂ ವಾದ ನಿಲ್ಲಲಿಲ್ಲ.

ಶುಕ್ರಗ್ರಹದಲ್ಲಿ ದಿನ ವರ್ಷಕ್ಕಿಂತ ದೊಡ್ಡದು ಎಂಬ ಹಾಳೆಯೂ ಒಂದು ಸಾಲು ಹೆಚ್ಚು ಬೇಡುತ್ತಿತ್ತು. ತನ್ನ ಸುತ್ತ ಒಮ್ಮೆ ತಿರುಗಲು ಅದಕ್ಕೆ ನಮ್ಮ 243 ದಿನ, ಸೂರ್ಯನನ್ನು ಸುತ್ತಲು 225 ದಿನ. ಅಷ್ಟರಮಟ್ಟಿಗೆ ಮಾತು ಸರಿ. ಆದರೆ ಅದು ಹಿಮ್ಮುಖವಾಗಿ ತಿರುಗುವುದರಿಂದ ಒಂದು ಸೂರ್ಯೋದಯದಿಂದ ಇನ್ನೊಂದಕ್ಕೆ 117 ದಿನ ಮಾತ್ರ. ‘ದಿನ’ ಎಂದರೆ ಏನೆಂದು ಕೇಳಿದ ಎಂಟನೇ ತರಗತಿಯ ಹುಡುಗನಿಗೆ ಉತ್ತರ ಹಾಳೆಯಲ್ಲಿ ಇರಲಿಲ್ಲ. ಚೀನಾದ ಮಹಾಗೋಡೆ ಬಾಹ್ಯಾಕಾಶದಿಂದ ಬರಿಗಣ್ಣಿಗೆ ಕಾಣುತ್ತದೆ ಎಂಬ ಸವೆದ ಸುಳ್ಳನ್ನಂತೂ ಮುದ್ರಿಸಲೇಬಾರದಿತ್ತು. ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೈ 2003ರಲ್ಲಿ ಹೋಗಿ ಬಂದು, ತಮಗೆ ಗೋಡೆ ಕಾಣಲಿಲ್ಲ ಎಂದೇ ಹೇಳಿದ್ದಾರೆ.

ಸೆಪ್ಟೆಂಬರಿನಲ್ಲಿ ನನ್ನ ಪೆನ್ಸಿಲ್ ಗುರುತುಗಳನ್ನೆಲ್ಲ ನಾಲ್ಕು ಪುಟಗಳಲ್ಲಿ ಅಚ್ಚುಕಟ್ಟಾಗಿ ಬರೆದು ಪ್ರಕಾಶಕರಿಗೆ ಅಂಚೆಯಲ್ಲಿ ಕಳಿಸಿದೆ. ಎರಡು ವಾರದಲ್ಲಿ ಉತ್ತರ ಬಂತು: ಖರಗ್‌ಪುರ, ಜೋಗ, ಮಹಾಗೋಡೆಗಳನ್ನು ಮುಂದಿನ ಮುದ್ರಣದಲ್ಲಿ ತಿದ್ದುತ್ತಾರಂತೆ, ಬೀದಿದೀಪದ ಬಗ್ಗೆ ‘ಓದುಗರು ಅದನ್ನು ಬಹಳ ಇಷ್ಟಪಟ್ಟಿದ್ದಾರೆ’ ಎಂದು ಬರೆದಿದ್ದಾರೆ, ಜೂನ್ 1ರ ಕಥೆಯನ್ನು ಹಿಂಬದಿಗೆ ಬಳಸಿಕೊಳ್ಳಬಹುದೇ ಎಂದು ಕೇಳಿದ್ದಾರೆ. ಬಳಸಿಕೊಳ್ಳಿ ಎಂದು ಹೇಳಿದ್ದೇನೆ. 390 ರೂಪಾಯಿ ಈಗಿನ ರೂಪಕ್ಕೆ ಹೆಚ್ಚು, 250 ಸರಿಯಾದ ಬೆಲೆ. ಒಬ್ಬರೇ ಓದುವ ಮನೆಗೆ ಇದನ್ನು ಕೊಳ್ಳುವಂತೆ ನಾನು ಹೇಳುವುದಿಲ್ಲ. ಹತ್ತು ಜನ ಕೂಡುವ ಮೇಜು, ಅವರಲ್ಲಿ ಒಬ್ಬರಾದರೂ ಒಪ್ಪದ ಸ್ವಭಾವದವರು, ಪಕ್ಕದಲ್ಲಿ ಒಂದು ಪೆನ್ಸಿಲ್ ಇದ್ದರೆ ಮಾತ್ರ ಕೊಳ್ಳಬಹುದು.

ಖಾಲಿ ಹಿಂಬದಿಯ ಹಾಳೆಗಳು ಗಣಿತದ ಮೇಡಂ ಅವರ ಕಿರುಪರೀಕ್ಷೆಗೆ ಹೋಗುತ್ತಿವೆ. ಜೇನಿನ ಹಾಳೆಯನ್ನು ಮಾತ್ರ ವಿಜ್ಞಾನದ ಮೇಷ್ಟ್ರು ಕೇಳಿ ಪಡೆದು, ಆ ನೊರೆ ಕಟ್ಟಿದ ಬಾಟಲಿಗೇ ಅಂಟಿಸಿ ಪ್ರಯೋಗಾಲಯದ ಕಪಾಟಿನಲ್ಲಿಟ್ಟಿದ್ದಾರೆ.